ತಮಟೆ ಕಾಯಿಸುವ ಹೊತ್ತಿಗೇ ಕ್ಯಾಮೆರಾ ಸಿದ್ಧವಿರಲಿ

ಕೇಳುಗರಿಗೆ ನಮಸ್ಕಾರ.

ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ, ಶಿವಗಂಗೆಯಲ್ಲಿ ಆದಿಮ ಸಾಂಸ್ಕೃತಿಕ ಕೇಂದ್ರವಿದೆ. ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯನವರು ಸಂಗಾತಿಗಳೊಂದಿಗೆ ಕಟ್ಟಿದ್ದು. ಹುಣ್ಣಿಮೆಯ ರಾತ್ರಿಯ ‘ಹುಣ್ಣಿಮೆ ಹಾಡು’ ಕಾರ್ಯಕ್ರಮದಿಂದ ಹೆಸರಾದದ್ದು. ಮೂರು ನಿಮಿಷದ ವಿಶೇಷ ವರದಿ ಮಾಡಿ ತನ್ನಿ ಎಂದು ಮೇಷ್ಟ್ರು ಹೇಳಿದರೆ, ನಮ್ಮ ಕಡೆಯ ಪತ್ರಿಕೋದ್ಯಮ ವಿದ್ಯಾರ್ಥಿಗಳಿಗೆ ಹೊಳೆಯುವುದು ಇಂಥ ಜಾಗವೇ. ಹೊಳೆಯುವುದೇನೋ ಸರಿ, ಆದರೆ ಬಹಳ ಜನ ಬೆಟ್ಟ ಹತ್ತುವುದು ಕಾರ್ಯಕ್ರಮ ಶುರುವಾಗುವ ಹೊತ್ತಿಗೆ. ಅಷ್ಟರಲ್ಲಿ ವರದಿಗೆ ಬೇಕಾದ್ದರಲ್ಲಿ ಮುಕ್ಕಾಲು ಪಾಲು ಕೈತಪ್ಪಿರುತ್ತದೆ.

ವೇದಿಕೆಯ ಮೇಲಿನದನ್ನು ಮಾತ್ರ ಹಿಡಿದರೆ ಅದು ಕಾರ್ಯಕ್ರಮದ ಸುದ್ದಿ. ವಿಶೇಷ ವರದಿ ಇರುವುದು ಅದಕ್ಕೆ ಮುಂಚಿನ ಕೆಲಸದಲ್ಲಿ. ಯಾವುದೇ ಕಲಾಕೇಂದ್ರವಿರಲಿ, ಕೇಂದ್ರದ ಚರಿತ್ರೆಯನ್ನೆಲ್ಲ ಹೇಳಲು ಹೋಗಬೇಡಿ. ಒಬ್ಬ ಮನುಷ್ಯ, ಅವನ ಕೈಯಲ್ಲೊಂದು ಕೆಲಸ, ಅದು ಮುಗಿಯಬೇಕಾದ ಹೊತ್ತು. ಮೂರು ನಿಮಿಷಕ್ಕೆ ಅಷ್ಟು ಸಾಕು.

ತಮಟೆಯವರನ್ನೇ ತೆಗೆದುಕೊಳ್ಳಿ. ಬಾರಿಸುವ ಮುನ್ನ ಬೆಂಕಿ ಹಾಕಿ ತಮಟೆ ಕಾಯಿಸುತ್ತಾರೆ. ಚರ್ಮದ ತೇವ ಆರಿ ಬಿಗಿಯಾದಂತೆ ನಾದ ಏರುತ್ತದೆ. ತಂಪಾದರೆ ಮತ್ತೆ ಕಾಯಿಸಬೇಕು. ಇಲ್ಲಿ ಐದು ಶಾಟ್ ತೆಗೆಯಿರಿ: ಚರ್ಮವನ್ನು ಬೆರಳಿನಿಂದ ತಟ್ಟಿ ನೋಡುವ ಕೈ, ಆ ಕಲಾವಿದನ ಮುಖ, ಇಡೀ ಗುಂಪು, ಅವರ ಹೆಗಲ ಹಿಂದಿನಿಂದ ಕಾಣುವ ಬೆಂಕಿ, ನೆಲಮಟ್ಟದಿಂದ ಒಂದು. ಒಂದೊಂದನ್ನೂ ಅಲುಗಾಡಿಸದೆ ಹತ್ತು ಸೆಕೆಂಡ್ ಹಿಡಿಯಿರಿ. ಮೂರೇ ಸೆಕೆಂಡಿಗೆ ಕ್ಯಾಮೆರಾ ತಿರುಗಿಸಿಬಿಟ್ಟರೆ ಎಡಿಟಿಂಗಿನಲ್ಲಿ ಕತ್ತರಿಸಲು ಜಾಗವೇ ಉಳಿಯುವುದಿಲ್ಲ. ಜೂಮ್ ಬೇಡ, ಎರಡು ಹೆಜ್ಜೆ ಹತ್ತಿರ ಹೋಗಿ.

ಇನ್ನು ಶಬ್ದ. ಹೆಚ್ಚಿನ ವಿದ್ಯಾರ್ಥಿಗಳ ವರದಿ ಕೆಡುವುದು ಇಲ್ಲೇ. ಮೊಬೈಲಿನ ಮೈಕ್ ತಾನೇ ಶಬ್ದದ ಮಟ್ಟ ಏರಿಳಿಸುತ್ತದೆ: ಏಟು ಬಿದ್ದಾಗ ತಗ್ಗುತ್ತದೆ, ಎರಡು ಏಟಿನ ನಡುವೆ ಏರಿ ಗಾಳಿಯ ಭರ್ರೆನ್ನುವ ಸದ್ದನ್ನು ಎಳೆದುಕೊಳ್ಳುತ್ತದೆ. ಮಟ್ಟವನ್ನು ಕೈಯಿಂದ ಹೊಂದಿಸುವ ಆ್ಯಪ್ ಅಥವಾ ಪ್ರತ್ಯೇಕ ರೆಕಾರ್ಡರ್ ಬಳಸಿ. ಮಾತಾಡಿಸಿ ಮಟ್ಟ ನೋಡಿದರೆ ಸಾಲದು. ಅತಿ ಜೋರಾದ ಏಟನ್ನೇ ಹೊಡೆಸಿ, ಶಬ್ದದ ಮಟ್ಟ ತೋರಿಸುವ ಮುಳ್ಳು ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ನಿಲ್ಲುವಂತೆ ಮಾಡಿ. ಮುಳ್ಳಿನ ಗರಿಷ್ಠ ಮಿತಿಯಾದ ಸೊನ್ನೆ ಮುಟ್ಟಿ ಒಡೆದ ಶಬ್ದವನ್ನು ಸರಿಪಡಿಸುವುದು ಹೆಚ್ಚುಕಡಿಮೆ ಆಗದ ಮಾತು. ಮೈಕ್ ಎಂಟು ಹತ್ತು ಅಡಿ ದೂರ, ಸ್ವಲ್ಪ ಓರೆಯಾಗಿರಲಿ. ಬೆಟ್ಟದ ಗಾಳಿಗೆ ಸ್ಪಂಜಿನ ಟೋಪಿ ಸಾಲದು, ತುಪ್ಪಳದ ಕವಚ ಬೇಕು. ಅದಿಲ್ಲದಿದ್ದರೆ ಬಂಡೆಯ ಮರೆಗೆ ಸರಿಯಿರಿ. ಕೋಲಾರದಲ್ಲಿ ಬಂಡೆಗೇನು ಬರ! ಹೊರಡುವ ಮುನ್ನ ಯಾರೂ ಮಾತಾಡದ ಒಂದು ನಿಮಿಷದ ಸುತ್ತಲಿನ ಸದ್ದನ್ನು ಹಿಡಿದುಕೊಳ್ಳಿ, ಮಾತು ಕತ್ತರಿಸಿದ ಕಡೆ ತೇಪೆಗೆ ಬೇಕಾಗುತ್ತದೆ. ಫೋನ್ ಏರೋಪ್ಲೇನ್ ಮೋಡಿನಲ್ಲಿರಲಿ. ಕರೆ ಬಂತೆಂದರೆ ಕೆಲವು ಫೋನುಗಳಲ್ಲಿ ರೆಕಾರ್ಡಿಂಗೇ ನಿಂತುಹೋಗುತ್ತದೆ.

ಬೆಳಕಿನ ವಿಷಯಕ್ಕೆ ಬಂದರೆ, ಹುಣ್ಣಿಮೆಯ ಚಂದ್ರ ಹುಟ್ಟುವುದು ಸೂರ್ಯ ಮುಳುಗುವ ಹೊತ್ತಿನ ಆಜೂಬಾಜಿನಲ್ಲಿ. ಆಗಿನ ಸುಮಾರು ಇಪ್ಪತ್ತು ನಿಮಿಷ ಮಾತ್ರ ಚಂದ್ರನೂ ಬೆಟ್ಟವೂ ಒಂದೇ ಚೌಕಟ್ಟಿನಲ್ಲಿ ಕಾಣುತ್ತವೆ. ಕತ್ತಲಾದ ಮೇಲೆ ಕ್ಯಾಮೆರಾವನ್ನು ನೆಲದ ಬೆಳಕಿಗೆ ಹೊಂದಿಸಿದರೆ ಚಂದ್ರ ಬರೀ ಬಿಳಿ ಚುಕ್ಕೆ, ಚಂದ್ರನಿಗೆ ಹೊಂದಿಸಿದರೆ ನೆಲ ಕಪ್ಪು. ಚಂದ್ರನ ಮೈಮೇಲೆ ಬಿದ್ದಿರುವುದು ಬಿಸಿಲು, ನೆಲದ ಮೇಲಿರುವುದು ಬೆಳದಿಂಗಳು; ಅಷ್ಟು ಅಂತರವನ್ನು ಯಾವ ಮೊಬೈಲೂ ಒಟ್ಟಿಗೆ ಹಿಡಿಯಲಾರದು. ದೀಪದ ಕೆಳಗೆ ಚಿತ್ರ ಮಿಣುಕಿದರೆ ಶಟರ್ ವೇಗವನ್ನು ಸೆಕೆಂಡಿನ 1/50ಕ್ಕೆ ಇಡಿ, ನಮ್ಮ ಕರೆಂಟು 50 ಹರ್ಟ್ಸ್. ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆ, 25 ಇರಲಿ. ಕತ್ತಲಲ್ಲಿ ಕೆಲವು ಫೋನು ತಾನಾಗಿಯೇ ಫ್ರೇಮ್ ಇಳಿಸಿ ಕುಣಿತವನ್ನು ಕುಂಟಿಸುತ್ತದೆ. ಆ ಆಟೋ ವ್ಯವಸ್ಥೆಯನ್ನು ಆಫ್ ಮಾಡಿ. ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನೂ ಲಾಕ್ ಮಾಡಿ, ಇಲ್ಲದಿದ್ದರೆ ಜ್ವಾಲೆ ಎದ್ದಾಗಲೆಲ್ಲ ಮುಖದ ಬಣ್ಣ ಬದಲಾಗುತ್ತದೆ.

ಸಂದರ್ಶನಕ್ಕೆ ಬನ್ನಿ. ‘ಯಾವಾಗ ಕಲಿತಿರಿ?’ ಎಂದರೆ ‘ಚಿಕ್ಕಂದಿನಿಂದ’ ಎಂಬ ಒಂದೇ ಪದ ಸಿಗುತ್ತದೆ. ನಿಮ್ಮ ಪ್ರಶ್ನೆ ಕತ್ತರಿಸಿದ ಮೇಲೆ ಅದಕ್ಕೆ ಅರ್ಥವಿರುವುದಿಲ್ಲ. ‘ತಮಟೆ ಯಾಕಣ್ಣಾ ಕಾಯಿಸ್ತೀರಿ, ತೋರಿಸ್ತಾ ಹೇಳಿ’ ಎನ್ನಿ. ಕ್ಯಾಮೆರಾ ಅವರ ಕಣ್ಣಿನ ಮಟ್ಟದಲ್ಲಿರಲಿ, ನೀವು ಲೆನ್ಸಿನ ಪಕ್ಕಕ್ಕೇ ಕೂತು ಮಾತಾಡಿಸಿ. ಗಡಿ ಜಿಲ್ಲೆಯಿದು, ಎಷ್ಟೋ ಕಲಾವಿದರ ಮನೆಮಾತು ತೆಲುಗು. ಪುಸ್ತಕದ ಕನ್ನಡಕ್ಕೆ ಅವರನ್ನು ಎಳೆಯಬೇಡಿ. ಅವರ ಮಾತಿನಲ್ಲೇ ಬಿಟ್ಟು, ಅಗತ್ಯವಿದ್ದ ಕಡೆ ಪರದೆಯ ಮೇಲೆ ಕನ್ನಡ ಸಾಲು ಕೊಡಿ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು ಎಂಬಷ್ಟಾದರೂ ಓದಿಕೊಂಡು ಹೋಗಿ. ಗೊತ್ತಿದ್ದು ಕೇಳುವವರಿಗೂ ಸುಮ್ಮನೆ ಕೇಳುವವರಿಗೂ ಉತ್ತರ ಒಂದೇ ಥರ ಬರುವುದಿಲ್ಲ.

ಕೇಂದ್ರದಲ್ಲಿ ಶಿಬಿರವಿದ್ದರೆ, ಅದರ ಮಕ್ಕಳನ್ನು ಚಿತ್ರೀಕರಿಸುವ ಮುನ್ನ ಹೆತ್ತವರ ಒಪ್ಪಿಗೆ ಪಡೆಯಿರಿ, ಕೇಂದ್ರದವರ ಒಪ್ಪಿಗೆಯೊಂದೇ ಸಾಲದು. ಕಲಾವಿದರ ಹೆಸರು, ಊರನ್ನು ಅವರ ಬಾಯಲ್ಲೇ ಹೇಳಿಸಿ ರೆಕಾರ್ಡ್ ಮಾಡಿಕೊಳ್ಳಿ. ಪರದೆಯ ಮೇಲೆ ‘ಜಾನಪದ ಕಲಾವಿದ’ ಎಂದಷ್ಟೇ ಹಾಕುವುದು ಸೋಮಾರಿತನ. ಸೆಕೆಂಡಿಗೆ 50 ಮೆಗಾಬಿಟ್ ದರದಲ್ಲಿ ವಿಡಿಯೊ ತೆಗೆದರೆ ಗಂಟೆಗೆ ಸುಮಾರು 22 ಜಿಬಿ ತುಂಬುತ್ತದೆ, 64 ಜಿಬಿ ಕಾರ್ಡಿನಲ್ಲಿ ಮೂರು ಗಂಟೆಯೂ ಹಿಡಿಸದು. ಮನೆ ಸೇರಿದ ಕೂಡಲೇ ಎರಡು ಕಡೆ ಕಾಪಿ ಮಾಡಿ, ಎರಡನ್ನೂ ತೆರೆದು ನೋಡಿ, ಆಮೇಲೆ ಕಾರ್ಡ್ ಅಳಿಸಿ.

ನಮಸ್ಕಾರ.