ದೊಡ್ಡಮ್ಮನಿಗೇನು ಸಂಬಳ ಬರುತ್ತಿತ್ತಾ?

ಎಲ್ಲರಿಗೂ ನಮಸ್ಕಾರ, ಊಟ ಆಯ್ತಾ? ಇವತ್ತು ಕಬ್ಬಿನ ವಿಷಯ ಮಾತಾಡಬೇಕು ಅಂತಿದ್ದೆ. ಅದು ಮುಂದಿನ ವಾರಕ್ಕಿರಲಿ. ದೊಡ್ಡಮ್ಮನ ಅಪಘಾತದ ಪರಿಹಾರದ ಬಗ್ಗೆ ಮಾಡಿದ ಕಳೆದ ವಿಡಿಯೋಗೆ ಬಂದ ಒಂದು ಕಾಮೆಂಟ್ ನನಗೆ ರಾತ್ರಿಯೆಲ್ಲ ನಿದ್ದೆ ಕೊಡಲಿಲ್ಲ. "ನಿಮ್ಮ ದೊಡ್ಡಮ್ಮ ಮನೇಲಿರೋರು. ಅವರಿಗೇನು ಸಂಬಳ ಬರುತ್ತಿತ್ತಾ? ಯಾವ ನಷ್ಟಕ್ಕೆ ಪರಿಹಾರ?" ಅದಕ್ಕೆ ನಲವತ್ತು ಜನ ಲೈಕ್ ಬೇರೆ ಒತ್ತಿದ್ದಾರೆ.

ಹೊಸಬರಿಗೆ ವಿಷಯ ಹೇಳಿಬಿಡುತ್ತೇನೆ. ದೊಡ್ಡಮ್ಮನಿಗೆ ಅರವತ್ತೆರಡು ವರ್ಷ. ಮಂಡ್ಯದ ಪಕ್ಕದ ಹಳ್ಳಿ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನ್ ಹಿಡಿದು ರಸ್ತೆ ದಾಟುತ್ತಿದ್ದರು. ಬೈಕ್ ಬಂದು ಗುದ್ದಿತು. ಸೊಂಟದ ಕೀಲಿನ ಹತ್ತಿರವೇ ತೊಡೆಮೂಳೆ ಮುರಿಯಿತು. ಆಪರೇಷನ್ ಮಾಡಿ ಕೀಲಿನ ಬಾಲ್, ಅಂದರೆ ತೊಡೆಮೂಳೆಯ ಗುಂಡು ತಲೆ, ಬದಲಾಯಿಸಿದರು. ಇನ್ನು ಮೇಲೆ ಕುಕ್ಕರಗಾಲಲ್ಲಿ ಕೂರಲೇಬೇಡಿ ಎಂದರು ಡಾಕ್ಟರು.

ಕುಕ್ಕರಗಾಲಲ್ಲಿ ಕೂರದೆ ಹಸುವಿನ ಹಾಲು ಕರೆಯೋದು ಹೇಗೆ, ಹೇಳಿ? ಎರಡು ಹಸು ಇದ್ದವು. ಒಂದನ್ನು ಮಾರಿದೆವು. ಕೊಟ್ಟಿಗೆಯಿಂದ ಹಗ್ಗ ಬಿಚ್ಚುವಾಗ ದೊಡ್ಡಮ್ಮ ವಾಕರ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹಸು ತಿರುಗಿ ನೋಡಿ ಅಂಬಾ ಎಂದಿತು. ಅವರು ಮುಖ ಒಳಗೆ ತಿರುಗಿಸಿಕೊಂಡರು.

ಇದು ನಷ್ಟ ಅಲ್ವಾ? ಸಂಬಳದ ಚೀಟಿ ಇಲ್ಲ, ಅಷ್ಟೇ. ದುಡಿಮೆ ಇತ್ತು.

ಸರ್ಕಾರದ್ದೇ ಲೆಕ್ಕ ಇದೆ, ಕೇಳಿ. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಗಂಡಸರು 97 ನಿಮಿಷ. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಅಪಘಾತದ ಕೇಸಿನಲ್ಲಿ ಇದೇ ಲೆಕ್ಕ ಎತ್ತಿ ಹೇಳಿತು. ಗೃಹಿಣಿಯ ಕೆಲಸಕ್ಕೂ ಬೆಲೆ ಕಟ್ಟಿ ಪರಿಹಾರ ಕೊಡಬೇಕು ಎಂದಿತು. ಕೋರ್ಟಿಗೆ ಅರ್ಥವಾದದ್ದು ನಿಮಗೆ ಯಾಕೆ ಅರ್ಥವಾಗಲ್ಲ?

ಇನ್ನೊಂದು. ಅಂಗವೈಕಲ್ಯದ ಸರ್ಟಿಫಿಕೇಟಿನಲ್ಲಿ ಕಾಲಿಗೆ ಇಷ್ಟು ಪರ್ಸೆಂಟ್ ಅಂತ ಬರೆದಿರುತ್ತಾರೆ. ನಷ್ಟ ಅಷ್ಟೇ ಅಂದುಕೊಳ್ಳಬೇಡಿ. ಆ ಮನುಷ್ಯ ಮಾಡುತ್ತಿದ್ದ ಕೆಲಸಕ್ಕೆ ಎಷ್ಟು ಪೆಟ್ಟು ಬಿತ್ತು ಅನ್ನೋದನ್ನು ನೋಡಬೇಕು ಎಂದು 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕುರ್ಚಿ ಮೇಲೆ ಕೂತು ಲೆಕ್ಕ ಬರೆಯುವವರಿಗೆ ಬೇರೆ, ಹಾಲು ಕರೆಯುವವರಿಗೆ ಬೇರೆ. ಅದಕ್ಕೇ ಹೇಳೋದು, ಡೇರಿ ಪಾಸ್‌ಬುಕ್ ಎತ್ತಿಡಿ. ಔಷಧಿ ಬಿಲ್ಲು, ಆಟೋ ಬಾಡಿಗೆ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಎಫ್‌ಐಆರ್ ಕಾಪಿ, ಒಂದನ್ನೂ ಬಿಸಾಡಬೇಡಿ. ಈ ಮಾತು ಉಪಯೋಗಕ್ಕೆ ಬಂದರೆ ವಿಡಿಯೋನ ನಿಮ್ಮ ಊರಿನ ಗ್ರೂಪಿಗೆ ಹಾಕಿ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಹಳ್ಳಿ ಹೆಂಗಸರಿಗೆ ಇದು ತಲುಪಲೇಬೇಕು.

"ಬೈಕಲ್ಲಿ ಗುದ್ದಿದ ಹುಡುಗ ಬಡವ, ಪಾಪ, ಬಿಟ್ಟುಬಿಡಿ" ಅಂತಾರೆ ಕೆಲವರು. ಬೈಕಿಗೆ ಇನ್ಶೂರೆನ್ಸ್ ಚಾಲ್ತಿಯಲ್ಲಿದ್ದರೆ ದುಡ್ಡು ಕೊಡೋದು ಕಂಪನಿ. ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿರೋದೇ ಇದಕ್ಕೆ. ಆ ಹುಡುಗನ ಕಡೆಯವರು ಆಸ್ಪತ್ರೆಗೇ ಬಂದಿದ್ದರು. ಕೈಯಲ್ಲಿ ಇಪ್ಪತ್ತು ಸಾವಿರ, ಒಂದು ಸ್ಟಾಂಪ್ ಪೇಪರ್. ಇನ್ನೂ ಅರೆಮಂಪರಿನಲ್ಲಿದ್ದ ಹೆಂಗಸಿನ ಹೆಬ್ಬೆಟ್ಟು ಕೇಳಿದರು! ದಯವಿಟ್ಟು ರಾಜಿಗೆ ಅಂತ ಸುಮ್ನೆ ಹೆಬ್ಬೆಟ್ಟು ಒತ್ತಬೇಡಿ.

"ಕೋರ್ಟು ಅಂದ್ರೆ ವರ್ಷಗಟ್ಟಲೆ." ಹೌದು, ಆಗುತ್ತೆ. ಅರ್ಜಿ ಹಾಕಿದ ದಿನದಿಂದ ಬಡ್ಡಿ ಕೊಡಿಸುವ ಅಧಿಕಾರವೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಇದೆ. ಅಪಘಾತ ಬೇರೆ ಊರಲ್ಲಿ ಆಗಿದ್ದರೂ ನೀವು ವಾಸ ಇರುವ ಜಾಗದಲ್ಲೇ ಕೇಸು ಹಾಕಬಹುದು. ಆದರೆ ತಡ ಮಾಡಬೇಡಿ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ, ಅಪಘಾತ ಆದ ಆರು ತಿಂಗಳೊಳಗೆ ಅರ್ಜಿ ಹಾಕಿ ಎನ್ನುತ್ತದೆ. ವಕೀಲರಿಗೆ ಕೊಡೋಕೆ ದುಡ್ಡಿಲ್ವಾ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ ನೆರವಿಗೆ ಹಕ್ಕಿದೆ. 1987ರ ಕಾಯ್ದೆ ಅದು.

ಸಂಬಳ ಬರುತ್ತಿತ್ತಾ ಅಂತೆ! ನಾನು ಮೈಸೂರಲ್ಲಿ ಓದುವಾಗ ಹಾಸ್ಟೆಲ್ ಫೀಸು ಬರುತ್ತಿದ್ದದ್ದು ಯಾರ ದುಡ್ಡು? ಆ ಹಾಲಿನ ದುಡ್ಡು. ಹದಿನೈದು ದಿನಕ್ಕೊಂದು ಬಟವಾಡೆ, ಸೆರಗಿನ ತುದಿಯ ಗಂಟು ಬಿಚ್ಚಿ ನನ್ನ ಕೈಗೆ ಕೊಡುತ್ತಿದ್ದರು. ಸಂಬಳ ಅಲ್ವಂತೆ ಅದು!

ಕಾಮೆಂಟ್ ಹಾಕಿದ ಅಣ್ಣ, ನಮ್ಮ ಮನೆಗೆ ಬನ್ನಿ. ಬೆಳಿಗ್ಗೆ ಐದಕ್ಕೆ ಬನ್ನಿ. ಉಳಿದ ಒಂದು ಹಸುವಿನ ಹಾಲು ಕರೆಯೋಕೆ ಈಗ ನಾನೇ ಮಂಡ್ಯದಿಂದ ಹೋಗುತ್ತಿದ್ದೇನೆ. ದೊಡ್ಡಮ್ಮ ಜಗಲಿ ಮೇಲೆ ಕೂತು, ಹೆಬ್ಬೆರಳು ಹಾಗಿಡಬೇಡ ಮಗಾ, ಹೀಗಿಡು ಅಂತ ಹೇಳಿಕೊಡುತ್ತಾರೆ. ಬಂದು ನೀವೇ ಅವರನ್ನು ಕೇಳಿ, ನಿಮಗೆ ಸಂಬಳ ಬರುತ್ತಿತ್ತಾ ಅಂತ.