ಎಂ.ಎಸ್. ಇರುವ ಮಗುವಿನ ನೋಟ್‌ಬುಕ್ ಅರ್ಧಕ್ಕೇ ನಿಲ್ಲುವುದೇಕೆ?

(ದೃಶ್ಯ: ಅರ್ಧ ತುಂಬಿದ ನೋಟ್‌ಬುಕ್ ಪುಟ. ಆಚೆ ಕರಿಹಲಗೆ ಒರೆಸುತ್ತಿರುವ ಕೈ.)

ನಿರೂಪಣೆ: ನಮಸ್ಕಾರ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್., ದೊಡ್ಡವರ ಕಾಯಿಲೆ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಆದರೆ ನೂರು ರೋಗಿಗಳಲ್ಲಿ ಸುಮಾರು 3ರಿಂದ 5 ಮಂದಿಗೆ ಅದು 18 ವರ್ಷ ತುಂಬುವ ಮೊದಲೇ ಶುರುವಾಗಿರುತ್ತದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳನ್ನು ಸುತ್ತಿರುವ ಮಯಲಿನ್ ಹೊದಿಕೆಯನ್ನು ಹಾಳುಗೆಡವುವುದರಿಂದ ಸಂದೇಶಗಳು ತಡವಾಗಿ ತಲುಪುತ್ತವೆ, ಕೆಲವೊಮ್ಮೆ ತಲುಪುವುದೇ ಇಲ್ಲ. ಮಕ್ಕಳಲ್ಲಿ ಈ ಹೊದಿಕೆ ಇನ್ನೂ ಬೆಳೆಯುತ್ತಿರುವಾಗಲೇ ಪೆಟ್ಟು ಬೀಳುತ್ತದೆ.

ಕಾಯಿಲೆಯ ಪೆಟ್ಟಿಗೆ ಮಂಜಾಗಿದ್ದ ದೃಷ್ಟಿ ಮರಳಿ, ಮಗು ಮೊದಲಿನಂತೆ ಓಡಾಡತೊಡಗಿದರೆ ಮನೆಯವರು ನಿಟ್ಟುಸಿರು ಬಿಡುವುದು ಸಹಜ. ಆದರೂ ಸುಮಾರು ಮೂರನೇ ಒಂದು ಭಾಗದಷ್ಟು ಮಕ್ಕಳಲ್ಲಿ ಗಮನ, ನೆನಪು, ಯೋಚನೆಯ ವೇಗ ಕುಂದಿರುತ್ತವೆ.

(ದೃಶ್ಯ: ಮೇಜಿನ ಮೇಲೊಂದು ಹಾಳೆ, ಪಕ್ಕದಲ್ಲಿ ಗಡಿಯಾರ.)

ಯೋಚನೆಯ ವೇಗವನ್ನು ಅಳೆಯುವ ಒಂದು ಪರೀಕ್ಷೆ ಹೀಗಿದೆ. ಹಾಳೆಯ ಮೇಲ್ತುದಿಯಲ್ಲಿ ಒಂಬತ್ತು ಚಿಹ್ನೆಗಳು, ಒಂದೊಂದಕ್ಕೂ ಒಂದು ಅಂಕಿ. ಕೆಳಗಿನ ಸಾಲುಗಳಲ್ಲಿ ಬರೀ ಚಿಹ್ನೆಗಳು. ಮೇಲೆ ನೋಡಿ, ಕೆಳಗಿನ ಚಿಹ್ನೆಗೆ ತಕ್ಕ ಅಂಕಿಯನ್ನು ಹೇಳುತ್ತಾ ಅಥವಾ ಬರೆಯುತ್ತಾ ಹೋಗಬೇಕು. ಇರುವುದು 90 ಸೆಕೆಂಡು. ಹೇಳಿದ ಉತ್ತರಗಳೆಲ್ಲ ಸರಿಯಿದ್ದರೂ ಎಂ.ಎಸ್. ಇರುವ ಮಗು ಕೆಲವು ಸಾಲುಗಳಷ್ಟೇ ಮುಗಿಸಿರಬಹುದು. ಗೊತ್ತಿಲ್ಲದಿರುವುದು ಬೇರೆ, ಸಮಯ ಸಾಲದಿರುವುದು ಬೇರೆ. ಈ ವ್ಯತ್ಯಾಸ ತಿಳಿಯದೆ ಅಂಥ ಮಗುವನ್ನು ಸೋಮಾರಿ ಎನ್ನುವುದು ದೊಡ್ಡ ಅನ್ಯಾಯ.

ಮನಸ್ಸಿನ ಮೇಲಿನ ಪರಿಣಾಮವೂ ಕಡಿಮೆಯದಲ್ಲ. ರಾತ್ರಿಯಿಡೀ ನಿದ್ದೆ ಮಾಡಿದರೂ ಹೋಗದ ದಣಿವು, ಖಿನ್ನತೆ, ಆತಂಕ, ಮುಂಗೋಪ ಈ ಮಕ್ಕಳಲ್ಲಿ ಸಾಮಾನ್ಯ. ಕಾಯಿಲೆ ಯಾವಾಗ ಮರುಕಳಿಸೀತೋ ಎಂಬ ಭಯ, ಗೆಳೆಯರಿಗೆ ಹೇಳಲಾಗದ ಸಂಕೋಚ ಒಂದು ಕಡೆಯಾದರೆ, ಭಾವನೆಗಳನ್ನು ನಿಭಾಯಿಸುವ ಮಿದುಳಿನ ಭಾಗಗಳಿಗೇ ಹಾನಿಯಾಗಿರುವ ಸಾಧ್ಯತೆ ಇನ್ನೊಂದು ಕಡೆ. ಖಿನ್ನತೆಯೇ ಗಮನವನ್ನೂ ನೆನಪನ್ನೂ ಕುಗ್ಗಿಸುವುದರಿಂದ, ‘ಹರೆಯದ ಹಟ’ ಎಂದು ಅದನ್ನು ತಳ್ಳಿಹಾಕದೆ ಚಿಕಿತ್ಸೆ ಕೊಡಿಸಬೇಕು. ಖಿನ್ನತೆಗೆ ಚಿಕಿತ್ಸೆ ಇದೆ.

ಶಾಲೆಯಲ್ಲಿ ಬೇಕಾಗುವುದು ಪರೀಕ್ಷೆಗೆ ಹೆಚ್ಚುವರಿ ಸಮಯ, ಮುದ್ರಿತ ಟಿಪ್ಪಣಿ, ಮಧ್ಯೆ ಸ್ವಲ್ಪ ವಿಶ್ರಾಂತಿ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎಂ.ಎಸ್. ಹೆಸರಿದೆ; ಆದ್ದರಿಂದ ಇದನ್ನು ಕೇಳಲು ಪೋಷಕರು ಹಿಂಜರಿಯಬೇಕಿಲ್ಲ.

(ದೃಶ್ಯ: ಎರಡು ವರ್ಷದ ನೋಟ್‌ಬುಕ್‌ಗಳು ಅಕ್ಕಪಕ್ಕ.)

ಮುಂದಿನ ಬಾರಿ ನರರೋಗ ತಜ್ಞರನ್ನು ಕಾಣಲು ಹೋಗುವಾಗ ಎಂ.ಆರ್.ಐ. ಫಿಲ್ಮ್‌ಗಳ ಜೊತೆಗೆ ಹೋದ ವರ್ಷದ ಮತ್ತು ಈ ವರ್ಷದ ನೋಟ್‌ಬುಕ್‌ಗಳನ್ನೂ ಒಯ್ಯಿರಿ.