ಯಾರಿಗೋಸ್ಕರ ಈ ವ್ಯಾಪಾರ?

ನಮಸ್ಕಾರ ಕೇಳುಗರೇ. ಇವತ್ತಿನ ನನ್ನ ಮಾತು ಸಣ್ಣ ಉದ್ದಿಮೆ ನಡೆಸೋರಿಗೆ, ಸಹಕಾರಿ ಸಂಘದ ನಿರ್ದೇಶಕರಿಗೆ, ನಾಲ್ಕೈದು ಜನರನ್ನ ಕೆಲಸಕ್ಕೆ ಇಟ್ಕೊಂಡು ಅಂಗಡಿನೋ ಮಿಲ್ಲೋ ನಡೆಸ್ತಿರೋರಿಗೆ. ರೇಟು ಎಲ್ಲಿ ನಿಲ್ಲುತ್ತೋ ಗೊತ್ತಿಲ್ಲ, ನಾಳೆ ಯಾವ ರೂಲ್ಸ್ ಬರುತ್ತೋ ಗೊತ್ತಿಲ್ಲ, ಇಂಥಾ ಹೊತ್ತಲ್ಲಿ ಏನ್ಮಾಡೋದು ಅಂತ ತುಂಬಾ ಜನ ಕೇಳ್ತಾರೆ. ನಾನು ಹೇಳೋದು ಒಂದೇ. ನಿಮ್ಮ ವ್ಯಾಪಾರ ಯಾರಿಗೋಸ್ಕರ ಅಂತ ಮೊದಲು ತೀರ್ಮಾನ ಮಾಡಿ, ಉಳಿದದ್ದೆಲ್ಲ ಆಮೇಲೆ.

ನಮ್ಮ ಕ್ಯಾಂಪ್ಕೋ, ಅಂದ್ರೆ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ, ಅದರ ಕಥೆ ನೋಡಿ. ಎಪ್ಪತ್ತರ ದಶಕದ ಶುರುವಿನಲ್ಲಿ ಅಡಿಕೆ ರೇಟು ಬಿದ್ದು ಬೆಳೆಗಾರರು ಕಂಗಾಲಾಗಿದ್ರು. ಆಗ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ರು ಮುಂದೆ ನಿಂತು, ಕರ್ನಾಟಕ ಕೇರಳ ಎರಡೂ ಕಡೆ ಬೆಳೆಗಾರರನ್ನ ಸೇರಿಸಿ, 1973ರಲ್ಲಿ ಮಂಗಳೂರಲ್ಲಿ ಈ ಸಂಸ್ಥೆ ಕಟ್ಟಿದ್ರು. ಅದರ ಕೆಲಸ ಅಡಿಕೆ ಖರೀದಿ, ಅಷ್ಟೇ. ಚಾಕೊಲೇಟು ಯಾರ ತಲೇಲೂ ಇರಲಿಲ್ಲ.

ಅದೇ ಕಾಲದಲ್ಲಿ ಅಡಿಕೆ ತೋಟದ ನೆರಳಲ್ಲಿ, ಚಾಕೊಲೇಟು ಮಾಡೋಕೆ ಬೇಕಾದ ಕೊಕ್ಕೋ ಹಾಕಿ, ನಾವು ತಗೊಳ್ತೀವಿ ಅಂತ ಖಾಸಗಿಯವರು ಪ್ರೋತ್ಸಾಹ ಕೊಟ್ರು, ಜನ ನಂಬಿ ಗಿಡ ಹಾಕಿದ್ರು, ಗಿಡ ಫಸಲಿಗೆ ಬಂತು, ಅಷ್ಟರಲ್ಲಿ 1980ರ ಆಸುಪಾಸಿಗೆ ಹೊರದೇಶದ ರೇಟು ಕುಸೀತು, ಖರೀದಿ ನಿಂತೇಹೋಯ್ತು. ಇಲ್ಲಿ ಒಂದು ವಿಷಯ ಸರಿಯಾಗಿ ಕೇಳಿಸ್ಕೊಳ್ಳಿ. ಅಡಿಕೆಯಾದ್ರೆ ಒಣಗಿಸಿ ಚಾಲಿ ಮಾಡಿ ಅಟ್ಟದಲ್ಲಿ ಇಡಬಹುದು, ರೇಟು ಬಂದಾಗ ಕೊಡಬಹುದು. ಕೊಕ್ಕೋ ಹಾಗಲ್ಲ, ಕಾಯಿ ಒಡೆದ್ರೆ ಹಸಿ ಬೀಜವನ್ನ ಕೂಡಲೇ ಕೊಡಬೇಕು, ಇಲ್ಲಾಂದ್ರೆ ಐದಾರು ದಿನ ಹದವಾಗಿ ಹುಳಿಬರಿಸಿ ಒಣಗಿಸಬೇಕು, ಆ ಕೆಲಸ ಮನೆ ಅಂಗಳದಲ್ಲಿ ಎಲ್ಲರಿಗೂ ಆಗೋದಲ್ಲ. ಕೊಳ್ಳೋರಿಲ್ಲ, ಇಟ್ಕೊಳ್ಳೋಕೂ ಆಗಲ್ಲ. ಬೇಸತ್ತು ಗಿಡ ಕಡಿದು ಹಾಕೋಕೆ ಶುರುಮಾಡಿದ್ರು.

ಆಗ ಕೊಕ್ಕೋ ನೀವೇ ತಗೊಳ್ಳಿ ಅನ್ನೋ ಬೇಡಿಕೆ ಕ್ಯಾಂಪ್ಕೋ ಮುಂದೆ ಬಂತು. ಬರೀ ಲಾಭದ ಲೆಕ್ಕ ಹಾಕಿದ್ರೆ ಬೇಡ ಅನ್ನಬೇಕಿತ್ತು, ಯಾಕಂದ್ರೆ ಬೀಳ್ತಿರೋ ರೇಟು, ಗೊತ್ತಿಲ್ಲದ ಸರಕು. ಆದ್ರೆ ಅಡಿಕೆ ತರೋ ಸದಸ್ಯರ ತೋಟದಲ್ಲೇ ಕೊಕ್ಕೋ ಕೊಳೀತಿತ್ತು. ಯಾರಿಗೋಸ್ಕರ ಇದ್ದೀವಿ ಅನ್ನೋದು ಅವರಿಗೆ ಸ್ಪಷ್ಟವಾಗಿತ್ತು, ಖರೀದಿಗೆ ಇಳಿದ್ರು. ಹಸಿ ಬೀಜ ತಗೊಂಡು ತಾವೇ ಸಂಸ್ಕರಿಸಿ, ಒಣಗಿಸಿ ಹೊರದೇಶಕ್ಕೆ ಕಳಿಸಿದ್ರು. ಎಷ್ಟು ದಿನ ಬೇರೆಯವರ ರೇಟಿಗೆ ಕಾಯೋದು ಅಂತ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಫ್ಯಾಕ್ಟರಿನೇ ಶುರುವಾಯ್ತು, ಉದ್ಘಾಟನೆಗೆ ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗ್ ಬಂದ್ರು. ತೋಟದವರ ಸಂಘ ಚಾಕೊಲೇಟು ಮಾಡೋದು ಅಂದ್ರೆ ಸಣ್ಣ ಮಾತಾ! ಇದನ್ನ ಹೇಳುವಾಗ ನನಗೆ ಈಗಲೂ ಮೈ ಜುಮ್ ಅನ್ನುತ್ತೆ.

ಅದೇ ಕೊಕ್ಕೋ 2024ರಲ್ಲಿ ವಿಶ್ವ ಮಾರುಕಟ್ಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟ್ತು, ಮರುವರ್ಷ ಮತ್ತೆ ಜೋರಾಗಿ ಇಳೀತು. ಇದನ್ನ ಮೊದಲೇ ಹೇಳೋಕೆ ಯಾರಿಂದ ಆಗ್ತಿತ್ತು? ಯಾರಿಂದಲೂ ಇಲ್ಲ. ಹಾಗಾಗಿ ದಯವಿಟ್ಟು ಮುಂದಿನ ವರ್ಷ ರೇಟು ಎಷ್ಟಾಗುತ್ತೆ ಅಂತ ನನ್ನನ್ನ ಕೇಳಬೇಡಿ. ಯಾರ ಮಾಲು ಎಂಥಾ ದಿನದಲ್ಲೂ ವಾಪಸ್ ಕಳಿಸಲ್ಲ, ಯಾರ ಸಂಬಳ ಎಂಥಾ ತಿಂಗಳಲ್ಲೂ ತಪ್ಪಿಸಲ್ಲ ಅಂತ ನೀವೇ ನಿಮ್ಮನ್ನ ಕೇಳ್ಕೊಳ್ಳಿ. ಅದಕ್ಕೆ ಉತ್ತರ ಇದ್ರೆ ಅರ್ಧ ಗೊಂದಲ ಹೋಯ್ತು.

ಸಮಯ ಆಗ್ತಾ ಬಂತು, ಇನ್ನೆರಡು ಮಾತು ಬೇಗ ಹೇಳ್ಬಿಡ್ತೀನಿ. ಕೆಟ್ಟ ಸುದ್ದಿಯನ್ನ ಮೊದಲು ನಿಮ್ಮವರಿಗೆ ಹೇಳಿ. ಆರ್ಡರ್ ಕಡಿಮೆಯಾಗಿದೆ ಅಂತ ಕೆಲಸದವರಿಗೆ ಹೊರಗಿನಿಂದ ಗೊತ್ತಾಗಬಾರದು, ಯಜಮಾನ್ರ ಬಾಯಿಂದಲೇ ಗೊತ್ತಾಗಬೇಕು. ಮತ್ತೆ ಒಳ್ಳೇ ವರ್ಷದ ಲಾಭವನ್ನ ಪೂರ್ತಿ ಹಂಚಿಬಿಡಬೇಡಿ, ಕೆಟ್ಟ ವರ್ಷದಲ್ಲಿ ನಿಮ್ಮವರ ಮಾಲು ಕೊಳ್ಳೋಕೆ ಕೈಯಲ್ಲಿ ದುಡ್ಡು ಬೇಕು. ದುಡ್ಡಿಲ್ಲದೆ ಯಾರಿಗೋಸ್ಕರ ಇದ್ದೀವಿ ಅಂದ್ರೆ ಅದು ಬರೀ ಬೋರ್ಡಿನ ಮೇಲಿನ ಬರಹ.

ಸಂಘದ ನಿರ್ದೇಶಕರು ಮುಂದಿನ ಮೀಟಿಂಗಲ್ಲಿ ಜಮಾ ಖರ್ಚು ಓದೋಕೆ ಮುಂಚೆ ಒಂದು ಹದಿನೈದು ನಿಮಿಷ ಇದೊಂದೇ ವಿಷಯ ಮಾತಾಡಿ, ನಡಾವಳಿಯಲ್ಲಿ ಬರೆಸಿ. ಅಂಗಡಿಯವರು ಮನೆಯವರ ಜೊತೆ ಕೂತು ಮಾತಾಡಿ. ಈ ವಾರವೇ ಮಾಡಿ, ಮಳೆಗಾಲ ಮುಗೀಲಿ ಅಂತ ಕಾಯಬೇಡಿ. ನಮಸ್ಕಾರ.